ಡೆಂಗಿ ಹೊತ್ತಿನಲ್ಲಿ ಕಾರ್ಖಾನೆ, ಸೈಟು, ಹೋಟೆಲು: ಮಾಲೀಕರು ಮಾಡಬೇಕಾದ ಕೆಲಸಗಳು

ಡೆಂಗಿ ಹೆಚ್ಚಿದೆ ಎಂಬ ಸುದ್ದಿ ಬಂದ ಕೂಡಲೇ ಬಹಳಷ್ಟು ಕಾರ್ಖಾನೆ, ಆಫೀಸುಗಳಲ್ಲಿ ನಡೆಯುವ ಮೊದಲ ಕೆಲಸ ಫಾಗಿಂಗ್. ಸಂಜೆ ಯಂತ್ರ ಹೊತ್ತವನೊಬ್ಬ ಬಂದು ಆವರಣದ ತುಂಬ ಹೊಗೆ ಬಿಟ್ಟು ಹೋಗುತ್ತಾನೆ. ಆಡಳಿತ ವಿಭಾಗದವರು ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಗೆ ಕ್ರಮ ಕೈಗೊಂಡಂತಾಯಿತು. ಎರಡನೆಯದು, ಕೋವಿಡ್ ಕಾಲದಲ್ಲಿ ಕೊಂಡಿಟ್ಟ ಥರ್ಮಾಮೀಟರ್ ಗನ್ನನ್ನು ಮತ್ತೆ ಗೇಟಿಗೆ ತರುವುದು. ಹೊಗೆ ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ತೊಟ್ಟಿಯಲ್ಲಿರುವ ಹುಳುವಿಗೆ ಅದು ತಾಗುವುದೇ ಇಲ್ಲ. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿ ಬಂದವರ ಜ್ವರ ಗನ್ನಿಗೆ ಕಾಣುವುದಿಲ್ಲ.

ಕೆಲಸದ ಜಾಗದಲ್ಲಿ ಡೆಂಗಿಯನ್ನು ನಿಜಕ್ಕೂ ತಡೆಯುವುದು ಎರಡು ಸಂಗತಿ. ವಾರಕ್ಕೊಮ್ಮೆ ತಪ್ಪದೆ ನಿಂತ ನೀರು ಖಾಲಿ ಮಾಡುವುದು ಒಂದು. ಜ್ವರ ಬಂದವರು ಸಂಬಳ ಹೋಗುತ್ತದೆಂದು ಹೆದರಿ ಜ್ವರ ಮುಚ್ಚಿಡದಂತೆ ಮಾಡುವುದು ಇನ್ನೊಂದು. ಎರಡಕ್ಕೂ ಯಂತ್ರ ಬೇಡ, ಶಿಸ್ತು ಬೇಕು.

ಏಳು ದಿನದ ಲೆಕ್ಕ ಯಾಕೆ

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಡ್ರಮ್ಮು, ಬಕೆಟ್, ತಟ್ಟೆಗಳಲ್ಲಿ ನಿಂತ ಚೊಕ್ಕ ನೀರನ್ನೇ ಹುಡುಕುತ್ತದೆ. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತಾಗಿದಾಗ ಒಡೆದು ಹುಳುವಾಗುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಂದು ‘ಡ್ರೈ ಡೇ’, ಅಂದರೆ ನಿಂತ ನೀರೆಲ್ಲ ಚೆಲ್ಲಿ ಪಾತ್ರೆ ಒಣಗಿಸುವ ದಿನ, ಎನ್ನುವುದು. ಹತ್ತು ದಿನಕ್ಕೊಮ್ಮೆ ಮಾಡಿದರೆ ಮಾಡಿಯೂ ಫಲವಿಲ್ಲ.

ಇನ್ನೊಂದು ವಿಷಯ ಮಾಲೀಕರ ಗಮನಕ್ಕೆ ಬರುವುದು ಕಡಿಮೆ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಕೆಲವು ಗಂಟೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಶಿಫ್ಟ್ ಶುರುವಾಗುವ ಮತ್ತು ಬಿಡುವ ಹೊತ್ತೂ ಅದೇ. ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗುವವರಿಗೆ ಹಗಲು ಹೊಲಿಗೆ ಯಂತ್ರದ ಕೆಳಗೆ, ಮೇಜಿನ ಅಡಿಯಲ್ಲಿ ಕಾಲಿಗೆ ಕಚ್ಚುತ್ತದೆ. ಇದು ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರುವ ಸೊಳ್ಳೆಯೂ ಅಲ್ಲ, ಸಾಮಾನ್ಯವಾಗಿ ನೂರಾರು ಮೀಟರಿನೊಳಗೇ ಸುತ್ತುತ್ತದೆ. ನಿಮ್ಮ ಶೆಡ್ಡಿನಲ್ಲಿ ಹಗಲು ಈಡಿಸ್ ಕಚ್ಚುತ್ತಿದೆ ಎಂದರೆ ಅದು ಹುಟ್ಟಿದ್ದು ನಿಮ್ಮ ಆವರಣದಲ್ಲಿ, ಇಲ್ಲವೇ ಪಕ್ಕದ ಕಾಂಪೌಂಡಿನಲ್ಲಿ.

2024ರಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ಕರ್ನಾಟಕದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿ, ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರ ಅಡಿಯ ನಿಯಮಗಳಿಗೆ ಆಗ ತಿದ್ದುಪಡಿಯಾಗಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಬಂತು. ಕಾರ್ಖಾನೆ, ಹೋಟೆಲು, ಮಳಿಗೆ, ಕಚೇರಿಗಳಿಗೆ ನಗರದಲ್ಲಿ 1,000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 500. ಕಟ್ಟಡ ಕಟ್ಟುತ್ತಿರುವ ಅಥವಾ ಅರ್ಧಕ್ಕೆ ಬಿಟ್ಟ ಜಾಗಕ್ಕೆ ಮತ್ತು ಖಾಲಿ ನಿವೇಶನಕ್ಕೆ 2,000 ಮತ್ತು 1,000. ಮೊತ್ತ ಕೇಳಿ ನಗುವವರಿದ್ದಾರೆ. ಆದರೆ ಸೆಂಟ್ರಿಂಗ್ ತಂಡದ ನಾಲ್ವರು ಒಟ್ಟಿಗೆ ಮಲಗಿದರೆ ಸ್ಲ್ಯಾಬಿನ ಕೆಲಸ ಎಷ್ಟು ದಿನ ಹಿಂದೆ ಬೀಳುತ್ತದೆ ಎಂದು ಮೇಸ್ತ್ರಿಯನ್ನು ಕೇಳಿ ನೋಡಿ. ನಿಜವಾದ ದಂಡ ಅದು.

ಮೊದಲು ಒಬ್ಬರ ಹೆಸರು ಬರೆಯಿರಿ

‘ಎಲ್ಲರೂ ಸ್ವಚ್ಛತೆ ಕಾಪಾಡಿ’ ಎಂಬ ಸುತ್ತೋಲೆಯಿಂದ ಒಂದು ಬಕೆಟ್ಟೂ ಖಾಲಿಯಾಗುವುದಿಲ್ಲ. ವಾರದ ಒಂದು ದಿನ, ಒಂದು ಗಂಟೆ, ಒಬ್ಬ ಹೊಣೆಗಾರ, ಒಬ್ಬ ಬದಲಿ: ಇಷ್ಟನ್ನು ಕಾಗದದಲ್ಲಿ ಬರೆದು ಸಹಿ ಹಾಕಿ. ಹೊಣೆಗಾರ ಹೌಸ್‌ಕೀಪಿಂಗ್ ಹುಡುಗನಾಗಬಾರದು. ಟೆರೇಸಿನ ಬೀಗ, ಪಂಪ್ ರೂಮಿನ ಬೀಗ, ಗೋದಾಮಿನ ಬೀಗ ಕೇಳಿದ ಕೂಡಲೇ ತೆಗೆಸುವ ಅಧಿಕಾರವಿರುವ ಸೂಪರ್‌ವೈಸರ್ ಅಥವಾ ಮೆಂಟೆನೆನ್ಸ್ ಇನ್‌ಚಾರ್ಜ್ ಆಗಬೇಕು. ನಿಂತ ನೀರು ಹುಡುಕುವ ಈ ವಾರದ ಸುತ್ತು ಬಹಳಷ್ಟು ಕಡೆ ಕೆಡುವುದು ಬೀಗದ ಕೈ ಸಿಗದೆ.

ಶುಕ್ರವಾರ ಒಳ್ಳೆಯ ದಿನ. ಶನಿವಾರ, ಭಾನುವಾರ ಜಾಗ ಖಾಲಿ ಬಿದ್ದಿರುವಾಗ ನೀರು ನಿಂತಿರುವುದಿಲ್ಲ. ವಾರದಲ್ಲಿ ಆರು ದಿನ ಕೆಲಸವಿರುವ ಕಡೆ ಶನಿವಾರ ಮಧ್ಯಾಹ್ನ ಇಟ್ಟುಕೊಳ್ಳಿ.

ಸುತ್ತು ಹೊಡೆಯುವ ರೀತಿ

ಬೇಕಾದ ಸಾಮಾನು ಇಷ್ಟೇ: ಒಂದು ಟಾರ್ಚ್, ಒಳಗೆ ಬಿಳಿ ಬಣ್ಣವಿರುವ ಒಂದು ಮಗ್ ಅಥವಾ ಉದ್ದ ಹಿಡಿಯ ಸೌಟು, ಗಟ್ಟಿ ಬ್ರಷ್, ಒಂದು ನೋಟ್‌ಬುಕ್. ಮೊದಲ ವಾರ ಕಟ್ಟಡದ ನಕ್ಷೆಯ ಮೇಲೆ ನೀರು ನಿಲ್ಲುವ ಪ್ರತಿ ಜಾಗಕ್ಕೂ ಒಂದು ನಂಬರ್ ಕೊಡಿ, ಆ ನಂಬರನ್ನು ಅದೇ ಜಾಗದಲ್ಲಿ ಬಣ್ಣದಿಂದ ಬರೆಯಿರಿ. ಮುಂದಿನ ವಾರದಿಂದ ಆ ನಂಬರುಗಳನ್ನು ಹಿಡಿದು ಹೋದರಾಯಿತು. 80–100 ಜನರಿರುವ ಘಟಕದಲ್ಲಿ 30ರಿಂದ 40 ಜಾಗ ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ನೀರಿನ ಮೇಲೆ ನೆರಳು ಬಿದ್ದರೆ ಹುಳು ಕೆಳಗೆ ಮುಳುಗುತ್ತದೆ. ಬಗ್ಗಿ ನೋಡಿ ‘ಏನಿಲ್ಲ’ ಎಂದು ಮುಂದೆ ಹೋಗುವವರು ಎಡವುವುದು ಇಲ್ಲೇ. ಎರಡು ನಿಮಿಷ ಅಲುಗಾಡದೆ ನಿಲ್ಲಿ. ಉಸಿರಾಡಲು ಅದು ಮೇಲೆ ಬರಲೇಬೇಕು. ಆಗ ಮಗ್ಗಿನ ಅಂಚನ್ನು ನೀರಿಗೆ ಓರೆಯಾಗಿ ತಾಗಿಸಿ ಮೇಲ್ಪದರವನ್ನಷ್ಟೇ ಎತ್ತಿ. ಬಿಳಿ ತಳದ ಮೇಲೆ ಬಳುಕುತ್ತಾ ಓಡುವ ಸಣ್ಣ ದಾರದಂಥದ್ದು ಲಾರ್ವಾ, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ್ದು ಗೂಡುಹುಳು. ಗೂಡುಹುಳು ಕಂಡರೆ ಒಂದೆರಡು ದಿನದಲ್ಲಿ ಸೊಳ್ಳೆ ಹಾರುತ್ತದೆ ಎಂದರ್ಥ. ಕಳೆದ ವಾರದ ಸುತ್ತಿನಲ್ಲಿ ಆ ನಂಬರಿನ ಮುಂದೆ ‘ಸರಿ’ ಎಂದು ಬರೆದಿದ್ದರೆ ಅದು ಸುಳ್ಳಿರಬಹುದು ಎಂದೂ ಅರ್ಥ. ಯಾವ ಜಾತಿಯ ಹುಳು ಎಂದು ತಲೆ ಕೆಡಿಸಿಕೊಳ್ಳಬೇಡಿ, ಎಲ್ಲವನ್ನೂ ಚೆಲ್ಲಿ.

ಚೆಲ್ಲುವುದಕ್ಕೂ ಕ್ರಮವಿದೆ. ನೀರನ್ನು ಒಣ ಮಣ್ಣಿನ ಮೇಲೆ, ಬಿಸಿಲಿರುವ ಕಡೆ ಸುರಿಯಿರಿ. ಚರಂಡಿಗೆ ಬಿಟ್ಟರೆ ಹುಳು ಅಲ್ಲೇ ಬದುಕಿಕೊಳ್ಳಬಹುದು. ಆಮೇಲೆ ಪಾತ್ರೆಯ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆಯಿಂದ ಒಂದು ಗೇಣು ಮೇಲಿನವರೆಗೆ, ಬ್ರಷ್ಷಿನಿಂದ ಗಸಗಸ ತಿಕ್ಕಿ. ತಿಕ್ಕದೆ ಬರೀ ಚೆಲ್ಲಿ ಮತ್ತೆ ತುಂಬಿಸಿದರೆ ಗೋಡೆಗೆ ಅಂಟಿದ ಮೊಟ್ಟೆಗೆ ನೀವೇ ನೀರು ಕೊಟ್ಟಂತೆ. ತಿಕ್ಕಿದ ಮೇಲೆ ಬೋರಲು ಹಾಕಿ ಒಣಗಿಸಿ.

ಎಲ್ಲೆಲ್ಲಿ ನೋಡಬೇಕು? ಸಂಪು ಮತ್ತು ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಎಲ್ಲರಿಗೂ ಹೊಳೆಯುತ್ತದೆ. ಟ್ಯಾಂಕಿನ ಗಾಳಿ ಕೊಳವೆ ಮತ್ತು ಓವರ್‌ಫ್ಲೋ ಕೊಳವೆಯ ಬಾಯಿ ಹೊಳೆಯುವುದಿಲ್ಲ. ಅವೆರಡಕ್ಕೂ 1.2 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ ಜಾಲರಿ ಕಟ್ಟಬೇಕು. ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಹರಿಯುತ್ತದೆ, ಸ್ಟೀಲಿನದು ಹಾಕಿ ಕ್ಲಾಂಪ್ ಬಿಗಿಯಿರಿ. ಒಳಗಡೆ ಫ್ರಿಡ್ಜಿನ ಹಿಂದಿನ ತಟ್ಟೆ, ಕುಡಿಯುವ ನೀರಿನ ಡಿಸ್ಪೆನ್ಸರಿನ ತಟ್ಟೆ, ಏಸಿಯ ನೀರು ಬೀಳಲೆಂದು ಇಟ್ಟ ಬಕೆಟ್, ಮನಿಪ್ಲಾಂಟ್ ಬಾಟಲಿ, ಕುಂಡದ ಕೆಳಗಿನ ತಟ್ಟೆ ನೋಡಿ. ಹೊರಗಡೆ ಮಳೆಗೆ ಜೋತುಬಿದ್ದ ಟಾರ್ಪಾಲಿನ ಮಡಿಕೆ, ಗುಜರಿಯ ಡಬ್ಬ, ಹಳೆಯ ಟೈರು, ಎಳನೀರು ಬುರುಡೆ, ಎಲೆ ಕಟ್ಟಿದ ಸಜ್ಜಾ, ಮಳೆನೀರು ಕೊಯ್ಲಿನ ಡ್ರಮ್. ಕೆಂಪು ಬಣ್ಣದ ಫೈರ್ ಬಕೆಟ್ಟುಗಳಲ್ಲಿ ಮರಳಿರಬೇಕಾದ ಕಡೆ ಮಳೆನೀರು ತುಂಬಿರುವುದು ಮಾಮೂಲು. ಬೆಂಕಿಗೆಂದೇ ನೀರಿನ ಡ್ರಮ್ ಇಟ್ಟಿದ್ದರೆ ಅದಕ್ಕೆ ಬಿಗಿ ಮುಚ್ಚಳ ಬೇಕು, ಆದರೆ ಬೀಗ ಹಾಕಬಾರದು.

ಹೋಟೆಲು, ರೆಸಾರ್ಟ್, ಕಲ್ಯಾಣ ಮಂಟಪದವರಿಗೆ ಬೇರೆಯೇ ಒಂದು ಮಾತು. ರಿಸೆಪ್ಷನ್ ಎದುರು ಹಿತ್ತಾಳೆಯ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡುವುದು ಈಗ ಎಲ್ಲ ಕಡೆ ರೂಢಿ. ದಿನಾ ಹೂ ಬದಲಿಸುತ್ತಾರೆ, ನೀರು ಬದಲಿಸುವುದಿಲ್ಲ. ಆರಿದ ಎಸಳುಗಳ ನೆರಳು, ಅಲುಗದ ಚೊಕ್ಕ ನೀರು, ಪಕ್ಕದಲ್ಲೇ ಸೋಫಾದ ಮೇಲೆ ಕೂತ ಅತಿಥಿಗಳ ಕಾಲು, ಈಡಿಸ್‌ಗೆ ಇನ್ನೇನು ಬೇಕು? ಉರುಳಿ ಬೇಕೇ ಬೇಕೆಂದರೆ ವಾರಕ್ಕೆ ಎರಡು ಸಲ ಬರಿದು ಮಾಡಿ, ಹುಣಸೆಹಣ್ಣು ಹಾಕಿ ತಿಕ್ಕಿ. ಹೊಳಪೂ ಉಳಿಯುತ್ತದೆ, ಮೊಟ್ಟೆಯೂ ಹೋಗುತ್ತದೆ.

ಚರಂಡಿಯ ಅಂಚಿಗೆ ಬ್ಲೀಚಿಂಗ್ ಪೌಡರ್ ಎರಚುವುದು ನೋಡಲು ಬೆಳ್ಳಗೆ ಚೆನ್ನಾಗಿರುತ್ತದೆ. ಈಡಿಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಕಟ್ಟಡದ ಸೈಟಿನಲ್ಲಿ ಕ್ಯೂರಿಂಗ್ ನೀರು

ಸೈಟುಗಳಿಗೆ ದುಪ್ಪಟ್ಟು ದಂಡ ಇಟ್ಟಿರುವುದಕ್ಕೆ ಕಾರಣವಿದೆ. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟು ತೇವದಲ್ಲೇ ಗಟ್ಟಿಯಾಗಲಿ ಎಂದು, ಗಾರೆಯಿಂದ ಪುಟ್ಟ ಬದು ಕಟ್ಟಿ ಎರಡಿಂಚು ನೀರು ನಿಲ್ಲಿಸುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಭಾರತೀಯ ಮಾನಕ 456ರ ಪ್ರಕಾರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಎರಡನೆಯ ಬಗೆ. ಸೊಳ್ಳೆ ಬೆಳೆಯಲು ಬೇಕಾದದ್ದೂ 7–10 ದಿನವೇ. ಸಾವಿರ ಚದರಡಿಯ ಸ್ಲ್ಯಾಬಿನ ಮೇಲೆ ಎರಡಿಂಚು ನೀರೆಂದರೆ ಸುಮಾರು 4,700 ಲೀಟರ್. ಅಷ್ಟೂ ನೀರು ಹತ್ತು ದಿನ ಹಾಗೇ ನಿಂತರೆ ಅದು ಸೊಳ್ಳೆಯ ನರ್ಸರಿ.

ಕ್ಯೂರಿಂಗ್ ಬಿಡಿ ಎಂದು ಹೇಳುತ್ತಿಲ್ಲ, ಬಿಟ್ಟರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಮಾಡಬೇಕಾದ್ದು ಹೀಗೆ:

1. ಬದುವಿನ ಒಂದು ಮೂಲೆಯಲ್ಲಿ ಮುಚ್ಚಿ ತೆಗೆಯಬಹುದಾದ ಪೈಪಿನ ತುಂಡು ಕೂರಿಸಿ. ನಾಲ್ಕನೆಯ ಮತ್ತು ಎಂಟನೆಯ ದಿನ ಪೂರ್ತಿ ನೀರು ಬಿಟ್ಟು, ಬದುವಿನ ಒಳಮೈಯನ್ನು ಪೊರಕೆಯಿಂದ ತಿಕ್ಕಿ, ಅದೇ ಹೊತ್ತಿನಲ್ಲಿ ಮತ್ತೆ ತುಂಬಿಸಿ. ಬಿಟ್ಟ ನೀರು ಕೆಳಗಿನ ಮಹಡಿಯಲ್ಲಿ ಮಡುಗಟ್ಟದಂತೆ ನೋಡಿ. ಈ ತಪ್ಪು ಬಹಳ ಸೈಟುಗಳಲ್ಲಿ ಆಗುತ್ತದೆ.
2. ನೀರಿನ ಅಭಾವವಿದ್ದರೆ ಬದು ಕಟ್ಟದೆ ಗೋಣಿಚೀಲ ಹಾಸಿ ದಿನಕ್ಕೆ ಮೂರು–ನಾಲ್ಕು ಸಲ ನೆನೆಸಿ. ತೇವ ಇರುತ್ತದೆ, ನೀರು ನಿಲ್ಲುವುದಿಲ್ಲ. ಕಂಬಗಳಿಗೆ ಹೇಗೂ ಗೋಣಿಯೇ ಸುತ್ತುತ್ತೀರಿ.
3. ಗಡುವು ಮುಗಿದ ದಿನವೇ ಬದು ಒಡೆಯಿರಿ. ‘ಮೇಲಿನ ಕೆಲಸ ಶುರುವಾಗುವಾಗ ಒಡೆಯೋಣ’ ಎಂದು ಬಿಟ್ಟ ಬದುವಿನಲ್ಲಿ ಮುಂದಿನ ಮಳೆಯ ನೀರು ನಿಲ್ಲುತ್ತದೆ.

ಲಿಫ್ಟ್ ಗುಂಡಿ ಇನ್ನೊಂದು ದೊಡ್ಡ ತಾಣ. ಕತ್ತಲೆ, ತಂಪು, ಯಾರೂ ಇಳಿಯದ ಜಾಗ. ವಾರಕ್ಕೊಮ್ಮೆ ಸಣ್ಣ ಸಬ್‌ಮರ್ಸಿಬಲ್ ಪಂಪಿನಿಂದ ಖಾಲಿ ಮಾಡಿ. ಒಳಗೆ ನೀರು ಜಿನುಗುತ್ತಿದ್ದರೆ ತಳದಲ್ಲಿ ಒಂದಡಿ ಚೌಕದ ಹೊಂಡ ಮಾಡಿ ನೀರೆಲ್ಲ ಅಲ್ಲಿಗೆ ಇಳಿಯುವಂತೆ ಇಳಿಜಾರು ಕೊಡಿ, ಪಂಪಿಗೆ ಕೆಲಸ ಸುಲಭ. ಪಂಪಿನ ವೈರು, ಕೀಲು ಸರಿಯಿಲ್ಲದಿದ್ದರೆ ಆ ಒದ್ದೆ ಗುಂಡಿಯಲ್ಲಿ ಶಾಕ್ ಹೊಡೆಯುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರುವ ಬೋರ್ಡಿನಿಂದಲೇ ಕರೆಂಟ್ ಕೊಡಿ, ಪಂಪ್ ಓಡುವಾಗ ಯಾರೂ ಇಳಿಯಬಾರದು.

ಕೂಲಿಯವರ ಶೆಡ್ಡುಗಳನ್ನು ಮರೆಯಬೇಡಿ. ನೀರು ಎರಡು ದಿನಕ್ಕೊಮ್ಮೆ ಬರುವ ಕಡೆ 200 ಲೀಟರಿನ ಡ್ರಮ್ಮುಗಳು ತುಂಬಿ ನಿಂತಿರುತ್ತವೆ. ‘ನೀರು ಚೆಲ್ಲಿ’ ಎಂದರೆ ಅವರು ಚೆಲ್ಲುವುದಿಲ್ಲ, ಚೆಲ್ಲಲೂಬಾರದು. ಡ್ರಮ್ಮಿನ ಬಾಯಿಗೆ ಹತ್ತಿಬಟ್ಟೆ ಎಳೆದು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿಕೊಡಿ. ನೀರು ಬರುವ ಹಿಂದಿನ ಸಂಜೆ, ಡ್ರಮ್ ತಳ ಕಂಡಾಗ, ತಿಕ್ಕಿಸಿ. ಟ್ಯಾಂಕರ್ ಸರಿಯಾದ ಹೊತ್ತಿಗೆ ಬರುವಂತೆ ಮಾಡಿದರೆ ಡ್ರಮ್ಮುಗಳ ಸಂಖ್ಯೆಯೇ ಇಳಿಯುತ್ತದೆ.

ಚೆಲ್ಲಲಾಗದ ನೀರಿಗೆ

ಫೈರ್ ಸಂಪು, ಅಲಂಕಾರದ ಕೊಳ, ಬಳಸದ ತೆರೆದ ಬಾವಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು. ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ಹಳ್ಳ, ಕೆರೆಗೆ ಹರಿದು ಹೋಗುವ ನೀರಿಗೆ ಮಾತ್ರ ಗಂಬೂಸಿಯಾ ಬಿಡಬೇಡಿ, ಊರಿನ ಮೀನಿನ ಮರಿಗಳನ್ನು ಅದು ತಿಂದುಹಾಕುತ್ತದೆ.

ಕುಡಿಯಲು, ಅಡುಗೆಗೆ ಬಳಸದ ನೀರಿಗೆ ಟೆಮಿಫಾಸ್ 50 ಇಸಿ ಎಂಬ ಲಾರ್ವಾನಾಶಕ ಹಾಕುವುದುಂಟು. ಲೀಟರಿಗೆ 1 ಮಿಲಿಗ್ರಾಂ ಬರಬೇಕು, ಅಂದರೆ 500 ಲೀಟರ್ ನೀರಿಗೆ 1 ಮಿಲಿಲೀಟರ್ ಔಷಧ. 5,000 ಲೀಟರಿನ ಗುಂಡಿಗೆ 10 ಮಿಲಿಲೀಟರ್, ಅಷ್ಟೇ. ಹಾಕುವ ಕೆಲಸವನ್ನು ಪರವಾನಗಿ ಇರುವ ಪೆಸ್ಟ್ ಕಂಟ್ರೋಲಿನವರಿಗೋ ಆರೋಗ್ಯ ಸಿಬ್ಬಂದಿಗೋ ಬಿಡಿ. ಲೆಕ್ಕ ನಿಮಗೆ ಗೊತ್ತಿದ್ದರೆ, ಬಾಟಲಿಯಿಂದ ಅಂದಾಜಿಗೆ ಸುರಿಯುವವನನ್ನು ತಡೆಯಬಹುದು. ಬಿಲ್ಲಿನಲ್ಲಿ ಔಷಧದ ಹೆಸರು, ಪ್ರಮಾಣ, ಹಾಕಿದ ಜಾಗದ ನಂಬರ್ ಬರೆಸಿಕೊಳ್ಳಿ. ‘ಸೊಳ್ಳೆ ಟ್ರೀಟ್‌ಮೆಂಟ್’ ಎಂದಷ್ಟೇ ಬರೆದ ಬಿಲ್ಲಿಗೆ ದುಡ್ಡು ಕೊಡಬೇಡಿ.

ಫಾಗಿಂಗ್ ಬಗ್ಗೆ ಇನ್ನೊಂದು ಎಚ್ಚರಿಕೆ. ಗಾರ್ಮೆಂಟ್ಸ್, ಹತ್ತಿ, ಕಾಗದದ ಗೋದಾಮಿನೊಳಗೆ ಥರ್ಮಲ್ ಫಾಗಿಂಗ್ ಮಾಡಿಸುವುದು ಬೆಂಕಿಯ ಜೊತೆ ಆಟ. ಆ ಯಂತ್ರ ಎಣ್ಣೆಯನ್ನು ಬಿಸಿಮಾಡಿ ಹೊಗೆಯಾಗಿಸುತ್ತದೆ. ಹೊಗೆ ಪತ್ತೆ ಅಲಾರಂ ಬಂದ್ ಮಾಡಿ ಫಾಗಿಂಗ್ ಮಾಡಿಸಿ, ಆಮೇಲೆ ಅಲಾರಂ ಮತ್ತೆ ಹಾಕಲು ಮರೆಯುವುದು ಇನ್ನೂ ದೊಡ್ಡ ಅಪಾಯ.

ಜ್ವರ ಬಂದವರ ಸಂಬಳ

ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲಿನಿಂದ ಶುರುವಾಗಿ ಜ್ವರದ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಅವರನ್ನು ಕಚ್ಚಿದ ಸೊಳ್ಳೆ 8ರಿಂದ 12 ದಿನದ ನಂತರ ಬದುಕಿರುವಷ್ಟು ಕಾಲವೂ ಇತರರಿಗೆ ಹರಡುತ್ತದೆ. ಹಾಗಾಗಿ ಜ್ವರ ಇಟ್ಟುಕೊಂಡು ಲೈನಿನಲ್ಲಿ ಕೂತವರಿಂದ ಎರಡು ಮೂರು ವಾರದ ನಂತರ ಅಕ್ಕಪಕ್ಕದವರು ಬೀಳುತ್ತಾರೆ. ಇದನ್ನು ತಿಳಿದ ಮೇಲೂ ಮೂರು ದಿನ ರಜೆ ಹಾಕಿದರೆ ಹಾಜರಾತಿ ಬೋನಸ್ ಕಡಿಯುವ ಪದ್ಧತಿ ಇಟ್ಟುಕೊಂಡರೆ, ರೋಗ ಹರಡಲು ಬೋನಸ್ ಕೊಟ್ಟಂತೆ. ಮಳೆಗಾಲ ಮುಗಿಯುವವರೆಗೆ ಜ್ವರದ ರಜೆಗೆ ಆ ಕಡಿತವನ್ನು ನಿಲ್ಲಿಸಿ ಬರಹದಲ್ಲಿ ಆದೇಶ ಹೊರಡಿಸಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಲ್ಲ ಎನ್ನಬಹುದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಅನ್ವಯಿಸುತ್ತದೆ. ಅನಾರೋಗ್ಯದ ಭತ್ಯೆ ಸರಾಸರಿ ದಿನಗೂಲಿಯ 70%, ವರ್ಷಕ್ಕೆ 91 ದಿನದವರೆಗೆ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಭತ್ಯೆ ಇಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇಲ್ಲದ ಹೊಸಬರಿಗಂತೂ ಏನೂ ಸಿಗುವುದಿಲ್ಲ. ದಿನಕ್ಕೆ 500 ರೂಪಾಯಿ ದುಡಿಯುವ ಹೆಣ್ಣುಮಗಳು ಹತ್ತು ದಿನ ಮಲಗಿದರೆ 5,000ದ ಬದಲು ಎಂಟು ದಿನಕ್ಕೆ 350ರಂತೆ 2,800 ಬರುತ್ತದೆ, ಅದೂ ಸ್ವಲ್ಪ ತಡವಾಗಿ. ಕೊರತೆ 2,200. ಮನೆ ಬಾಡಿಗೆ, ಸಂಘದ ಕಂತು ಕಟ್ಟಬೇಕಾದವರು ಆ 2,200ಕ್ಕಾಗಿಯೇ ಮಾತ್ರೆ ನುಂಗಿ ಕೆಲಸಕ್ಕೆ ಬರುವುದು. ಮೊದಲ ಎರಡು ದಿನದ ಸಂಬಳವನ್ನಾದರೂ ಕಂಪನಿಯೇ ಕೊಡುವುದು, ಉಳಿದದ್ದಕ್ಕೆ ಬಡ್ಡಿಯಿಲ್ಲದ ಮುಂಗಡ ಕೊಟ್ಟು ಇಎಸ್‌ಐ ಹಣ ಬಂದಾಗ ಹೊಂದಿಸಿಕೊಳ್ಳುವುದು ಎಲ್ಲ ಘಟಕಗಳಿಗೂ ಎಟುಕುವ ದಾರಿ. ಅಂಗಡಿ, ಹೋಟೆಲು, ಕಚೇರಿಗಳ ನೌಕರರಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ವರ್ಷಕ್ಕೆ 12 ದಿನ ಸಂಬಳಸಹಿತ ಅನಾರೋಗ್ಯ ರಜೆ ಇದೆ. ಇದು ಹಕ್ಕು, ಮಾಲೀಕರ ದಯೆಯಲ್ಲ.

ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್‌ನವರು ಏಜೆನ್ಸಿಯ ಜನ ಎಂದು ಕೈಬಿಡಬೇಡಿ. ಸೊಳ್ಳೆ ಮಸ್ಟರ್ ರೋಲ್ ನೋಡಿ ಕಚ್ಚುವುದಿಲ್ಲ. ಏಜೆನ್ಸಿಯ ಮುಂದಿನ ಬಿಲ್ಲಿನಲ್ಲಿ ಜ್ವರದ ರಜೆಯ ಕೂಲಿಯನ್ನು ಬೇರೆ ಸಾಲಾಗಿ ಸೇರಿಸಲು ಹೇಳಿ, ಅದು ಕೆಲಸಗಾರರ ಕೈಗೆ ತಲುಪಿದ ಸಹಿ ಕೇಳಿ.

ಎಚ್ಆರ್‌ನವರಿಗೆ: ರಜೆಗೆ ‘ಡೆಂಗಿ ಪಾಸಿಟಿವ್ ರಿಪೋರ್ಟ್ ತನ್ನಿ’ ಎನ್ನಬೇಡಿ. ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್ಎಸ್1 ಪರೀಕ್ಷೆ ಜ್ವರದ ಮೊದಲ ಐದು ದಿನ ಉಪಯುಕ್ತ, ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ ಐದನೆಯ ದಿನದ ಮೇಲೆ. ಆರನೆಯ ದಿನ ಎನ್ಎಸ್1 ಮಾಡಿಸಿ ನೆಗೆಟಿವ್ ಬಂದರೆ ಡೆಂಗಿ ಇಲ್ಲ ಎಂದಾಗುವುದಿಲ್ಲ. ಲ್ಯಾಬಿನಲ್ಲಿ ಮಾಡುವ ಎಲೈಸಾ ವಿಧಾನದ ಫಲಿತಾಂಶ, ನಿಮಿಷಗಳಲ್ಲಿ ಮುಗಿಯುವ ಕಾರ್ಡ್ ಪರೀಕ್ಷೆಗಿಂತ ನಂಬಿಕೆಗೆ ಅರ್ಹ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎಲೈಸಾ ಎನ್ಎಸ್1ಗೆ 300, ಐಜಿಎಂಗೆ 300, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಮಿತಿ ಹಾಕಿತ್ತು. ವೈದ್ಯರ ‘ಜ್ವರ, ವಿಶ್ರಾಂತಿ ಬೇಕು’ ಎಂಬ ಚೀಟಿ ರಜೆಗೆ ಸಾಕು.

ಜ್ವರ ಬಿಟ್ಟ ದಿನ ಕೆಲಸಕ್ಕೆ ಕರೆಯಬೇಡಿ

ಡೆಂಗಿಯಲ್ಲಿ ಜನ ಮೋಸ ಹೋಗುವುದು ಇಲ್ಲೇ. ಜ್ವರ ಮೂರರಿಂದ ಏಳನೆಯ ದಿನದೊಳಗೆ ಇಳಿಯುತ್ತದೆ, ‘ಹುಷಾರಾಯಿತು’ ಎನ್ನಿಸುತ್ತದೆ. ರಕ್ತನಾಳದಿಂದ ದ್ರವ ಸೋರಿ ಪರಿಸ್ಥಿತಿ ಕೈಮೀರುವುದು ಅಲ್ಲಿಂದ ಮುಂದಿನ 24ರಿಂದ 48 ಗಂಟೆಯಲ್ಲಿ. ಸೂಪರ್‌ವೈಸರ್ ಫೋನ್ ಮಾಡಿ ‘ಜ್ವರ ಬಿಡ್ತಾ? ನಾಳೆ ಬಾಮ್ಮ’ ಎನ್ನುವುದೂ ಸರಿಯಾಗಿ ಆಗಲೇ. ಜ್ವರ ಬಿಟ್ಟ ಮೇಲೆ ಕನಿಷ್ಠ 48 ಗಂಟೆ, ಅದರ ಮೇಲೆ ವೈದ್ಯರು ಹೇಳುವಷ್ಟು ದಿನ, ಕೆಲಸಕ್ಕೆ ಕರೆಯಬಾರದು ಎಂಬುದನ್ನು ನಿಯಮವಾಗಿ ಬರೆದು ಪ್ರತಿ ಲೈನಿನ ಸೂಪರ್‌ವೈಸರಿಗೂ ಓದಿ ಹೇಳಿ.

ಹೊಟ್ಟೆ ತೀವ್ರವಾಗಿ ನೋಯುವುದು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಮಲ ಕಪ್ಪಗಾಗುವುದು, ಉಸಿರಾಟದ ಕಷ್ಟ, ಕೈಕಾಲು ತಣ್ಣಗಾಗುವುದು, ಚಡಪಡಿಕೆ ಅಥವಾ ಮಂಪರು, ಆರು ಗಂಟೆ ಮೂತ್ರ ಹೋಗದಿರುವುದು: ಇದರಲ್ಲಿ ಒಂದು ಕಂಡರೂ ಆಸ್ಪತ್ರೆ. 108ಕ್ಕೆ ಕರೆ ಮಾಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಈ ಲಕ್ಷಣಗಳಿಗೆ ಕಾಯದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು.

ಫಸ್ಟ್ ಏಡ್ ಪೆಟ್ಟಿಗೆಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವ ನೋವಿನ ಮಾತ್ರೆಗಳನ್ನು ಈ ಋತುವಿಗೆ ತೆಗೆದಿಡಿ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಮಾತ್ರ ಇರಲಿ: ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ವೈದ್ಯರು ಬೇರೆ ಹೇಳದ ಹೊರತು ದಿನಕ್ಕೆ ನಾಲ್ಕು ಮಾತ್ರೆ ಮೀರದಂತೆ. ಲಿವರ್ ತೊಂದರೆ ಇರುವವರು, ಕುಡಿತ ಹೆಚ್ಚಿರುವವರು ವೈದ್ಯರನ್ನು ಕೇಳದೆ ಅದನ್ನೂ ನುಂಗಬಾರದು.

ಪಿಜಿ, ಹಾಸ್ಟೆಲ್, ಸೈಟಿನ ಶೆಡ್ಡಿನಲ್ಲಿ ಒಂಟಿಯಾಗಿರುವವರ ವಿಷಯದಲ್ಲಿ ಕಂಪನಿ ಒಂದು ಹೆಜ್ಜೆ ಮುಂದೆ ಹೋಗಬೇಕು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಜ್ವರದವರನ್ನು ನೋಡುವವರು ಯಾರೂ ಇರುವುದಿಲ್ಲ. ಅದೇ ರೂಮಿನ ಒಬ್ಬರಿಗೆ ಸಂಬಳ ಸಮೇತ ಬಿಡುವು ಕೊಟ್ಟು ಜೊತೆಗಿರಿಸಿ. ಓಆರ್‌ಎಸ್ ಪೊಟ್ಟಣ (ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು), ಗಂಜಿ, ಎಳನೀರು, ಮಜ್ಜಿಗೆ ಸಿಗುವಂತೆ ಮಾಡಿ. ಹಗಲೂ ಸೊಳ್ಳೆಪರದೆಯೊಳಗೇ ಮಲಗಿಸಿ. ಈ ಪರದೆ ಉಳಿದವರನ್ನು ಕಾಪಾಡಲಿಕ್ಕೆ.

ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದವರಿಗೆ ಕನ್ನಡದ ಭಿತ್ತಿಪತ್ರ ಅಂಟಿಸಿ ಫಲವಿಲ್ಲ. ಅವರಲ್ಲೇ ಒಬ್ಬರಿಂದ ಮೇಲಿನ ಅಪಾಯ ಚಿಹ್ನೆಗಳನ್ನು ಅವರ ಮಾತಿನಲ್ಲೇ ಹೇಳಿಸಿ, ಒಂದು ನಿಮಿಷದ ಧ್ವನಿ ಸಂದೇಶವಾಗಿ ಕಳಿಸಿ.

ಎರಡನೆಯ ಜ್ವರ ಬಿದ್ದಾಗ

ಗೇಟಿನ ಗನ್ನಿಗಿಂತ ಒಂದು ಸಾದಾ ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಜ್ವರದ ಮೊದಲ ದಿನಾಂಕ, ವಿಭಾಗ, ಕೂರುವ ಜಾಗ, ವಾಸದ ಬಡಾವಣೆ, ಪರೀಕ್ಷೆಯ ಫಲಿತಾಂಶ ಬಂದಿದ್ದರೆ ಅದು. ಪುಸ್ತಕ ಒಬ್ಬರ ಬಳಿ ಮಾತ್ರ ಇರಲಿ, ಹೆಸರುಗಳು ನೋಟಿಸ್ ಬೋರ್ಡಿಗೆ ಬರಬಾರದು. ಹೆಸರು ಹೊರಬಿದ್ದರೆ ಮುಂದಿನವರು ಜ್ವರ ಹೇಳುವುದಿಲ್ಲ.

ಎರಡು ವಾರದೊಳಗೆ ಒಂದೇ ಲೈನ್ ಅಥವಾ ಒಂದೇ ಮಹಡಿಯಲ್ಲಿ ಎರಡು ಜ್ವರ ಬಂದರೆ ಅದೇ ದಿನ ಸುತ್ತು ಹೊಡೆಯಿರಿ, ಶುಕ್ರವಾರಕ್ಕೆ ಕಾಯಬೇಡಿ. ಇಬ್ಬರೂ ಒಂದೇ ಬಡಾವಣೆಯವರೇ ಎಂದು ನೋಡಿ. ಹೌದಾದರೆ ಮೂಲ ಅಲ್ಲಿರಬಹುದು, ಅಲ್ಲವಾದರೆ ನಿಮ್ಮಲ್ಲೇ ಎಂದು ಹಿಡಿದು ಹುಡುಕಿ. ಹತ್ತಿರದ ಪ್ರಾಥಮಿಕ ಅಥವಾ ನಗರ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಎಲ್ಲಿಗೆ ಹೇಳಬೇಕೆಂದು ಗೊತ್ತಾಗದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ. ಅವರು ಬಂದು ಲಾರ್ವಾ ಸಮೀಕ್ಷೆ ಮಾಡುತ್ತಾರೆ, ಅಗತ್ಯವಿದ್ದರೆ ಕಟ್ಟಡದೊಳಗೆ ಪೈರೆಥ್ರಮ್ ಎಂಬ ಸೊಳ್ಳೆನಾಶಕ ಸಿಂಪಡಿಸುತ್ತಾರೆ. ಈಡಿಸ್ ಕೂರುವುದು ಮೇಜಿನ ಅಡಿ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಾದ್ದರಿಂದ, ಹೊರಗಿನ ರಸ್ತೆಯ ಹೊಗೆಗಿಂತ ಒಳಗಿನ ಈ ಸಿಂಪಡಣೆಯೇ ಕೆಲಸ ಮಾಡುವುದು. ಸಿಂಪಡಿಸುವಾಗ ಕ್ಯಾಂಟೀನಿನ ಆಹಾರ, ನೀರು ಮುಚ್ಚಿರಲಿ.

ಪಕ್ಕದ ಕಾಂಪೌಂಡಿನದೇ ತೊಂದರೆಯಾಗಿದ್ದರೆ ಮೊದಲು ಹೋಗಿ ಮಾತಾಡಿ. ಅರ್ಧಕ್ಕೆ ನಿಂತ ಕಟ್ಟಡ, ಮಾಲೀಕ ಊರಲ್ಲಿಲ್ಲ ಎಂದಾದರೆ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಫೋಟೊ ಸಮೇತ ಬರೆದು ಕೊಡಿ. ಕೈಗಾರಿಕಾ ವಸಾಹತುಗಳಲ್ಲಿ ಸಂಘದ ಮೂಲಕ ಎಲ್ಲರೂ ಒಂದೇ ದಿನ ಡ್ರೈ ಡೇ ಮಾಡಿದರೆ ಒಬ್ಬೊಬ್ಬರೇ ಮಾಡುವುದಕ್ಕಿಂತ ಎಷ್ಟೋ ಪಾಲು ಮೇಲು.

ಸಾಲು ರಜೆಯ ಮುನ್ನ

ಗಣೇಶ ಚತುರ್ಥಿ, ಆಯುಧಪೂಜೆ, ದೀಪಾವಳಿ ಬರುವುದು ಮಳೆಗಾಲದ ನಡುವೆ ಅಥವಾ ಅದರ ಬಾಲದಲ್ಲಿ. ನಾಲ್ಕೈದು ದಿನ ಬೀಗ ಹಾಕಿದ ಘಟಕದಲ್ಲಿ ಮುಟ್ಟುವವರಿಲ್ಲದ ನೀರು ಸುಮ್ಮನೆ ನಿಲ್ಲುತ್ತದೆ. ಆಯುಧಪೂಜೆಗೆ ಯಂತ್ರ ತೊಳೆದ ಬಕೆಟ್ಟುಗಳೇ ಹಾಗೆ ಉಳಿದಿರುತ್ತವೆ. ಬೀಗ ಹಾಕುವ ಸಂಜೆ ಬಕೆಟ್, ಡ್ರಮ್, ಕಸದ ಡಬ್ಬ ಎಲ್ಲವನ್ನೂ ಬೋರಲು ಹಾಕಿಸಿ. ಶೌಚಾಲಯದ ಕಮೋಡ್ ಮುಚ್ಚಳ ಇಳಿಸಿ, ಬಳಸದ ಶೌಚಾಲಯದ ಫ್ಲಷ್ ಟ್ಯಾಂಕ್ ಖಾಲಿ ಮಾಡಿ. ಕೂಲಿಂಗ್ ಟವರ್ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಅದರ ತೊಟ್ಟಿಯನ್ನೂ ಬರಿದು ಮಾಡಿ. ಬಾಗಿಲು ತೆರೆಯುವ ಬೆಳಿಗ್ಗೆ ಜನ ಒಳಬರುವ ಮುಂಚೆ ಹೊಣೆಗಾರ ಒಂದು ಸುತ್ತು ಮುಗಿಸಿರಬೇಕು.

ಹೊಸ ಪ್ರಕರಣವಿಲ್ಲದೆ ನಾಲ್ಕು ವಾರ ಕಳೆದರೆ ಜ್ವರದ ಪುಸ್ತಕ ಮುಚ್ಚಬಹುದು. ಶುಕ್ರವಾರದ ಸುತ್ತು ಡಿಸೆಂಬರ್ ಕೊನೆಯವರೆಗೂ ಇರಲಿ. ಆಮೇಲೆ ಮಾರ್ಚಿನಲ್ಲಿ, ನೀರಿನ ಅಭಾವಕ್ಕೆ ಡ್ರಮ್ಮುಗಳು ಮತ್ತೆ ತುಂಬತೊಡಗುವ ಹೊತ್ತಿಗೆ ಶುರುಮಾಡಿ. ಕಳೆದ ಮಳೆಗಾಲದ ಮೊಟ್ಟೆ ಅದೇ ಡ್ರಮ್ಮಿನ ಗೋಡೆಯಲ್ಲಿ ಇನ್ನೂ ಅಂಟಿಕೊಂಡಿರಬಹುದು, ಆದ್ದರಿಂದ ತುಂಬಿಸುವ ಮುಂಚೆ ತಿಕ್ಕಿ.